ಮಾವನ ಜೊತೆ ಮ್ಯಾಟಿನಿ

ನಾನು ಸಿನಿಮಾ ಹುಚ್ಚಿನವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಬೀದಿಯಲ್ಲಿ ನನಗೆ ಸುಮ್ಮನೆ ಆ ಹೆಸರು ಬಂದುಬಿಟ್ಟಿದೆ. ಪ್ರತಿ ಭಾನುವಾರ ಮಧ್ಯಾಹ್ನ ಎರಡೂವರೆಯ ಆಟಕ್ಕೆ ನಾನು ಹೋಗುವುದು ನಿಜ. ಆದರೆ ಹೋಗುವುದು ಹೆಂಡತಿಯ ಅಪ್ಪಣೆಯ ಮೇರೆಗೆ. ವಾರಕ್ಕೆ ಮೂರು ಗಂಟೆಯಾದರೂ ಮನೆಯಲ್ಲಿ ಗಂಡಸರ ಸದ್ದು ಇರಬಾರದು ಎನ್ನುವುದು ಅವಳ ಕಾನೂನು. "ಅಪ್ಪನ್ನ ಕರ್ಕೊಂಡು ಹೋಗಿ. ಯಾವ ಸಿನಿಮಾ ಆದ್ರೂ ಪರವಾಗಿಲ್ಲ, ಉದ್ದ ಇರ್ಬೇಕು ಅಷ್ಟೇ" ಎನ್ನುತ್ತಾಳೆ.

ಅಪ್ಪ ಎಂದರೆ ನನ್ನ ಮಾವ. ಅತ್ತೆ ತೀರಿಕೊಂಡ ಮೇಲೆ, ಆರು ವರ್ಷದಿಂದ, ನಮ್ಮ ಜೊತೆಗೇ ಇದ್ದಾರೆ. ನಲವತ್ತು ವರ್ಷ ಬಡಗಿ ಕೆಲಸ ಮಾಡಿದವರು. ಈಗ ಉಳಿ ಹಿಡಿಯುವಾಗ ಕೈ ನಡುಗುತ್ತದೆ, ಕಿವಿ ಕೊಂಚ ಮಂದ, ಕಣ್ಣು ಮಾತ್ರ ಹದ್ದಿನದು. ನಾನು ಟೈಲರ್. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಇಬ್ಬರೂ ಮಾತಿನಲ್ಲಿ ಜಿಪುಣರು. "ಊಟ ಆಯ್ತಾ ಮಾವ?" "ಆಯ್ತು, ನಿಮ್ದು?" ಅಲ್ಲಿಗೆ ಆ ದಿನದ ಲೆಕ್ಕ ಚುಕ್ತಾ. ನಾವು ಬಾಯಿ ತುಂಬ ಮಾತಾಡುವುದು ಸಿನಿಮಾ ನೋಡುವಾಗ ಮಾತ್ರ, ಅಂದರೆ ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕೋ ಅಲ್ಲೇ.

ಹಾಗಂತ ನಮ್ಮನ್ನು ಕಥೆ ಕೇಳಬೇಡಿ. ಕಥೆ ನಮಗೆ ದಕ್ಕುವುದೇ ಇಲ್ಲ. ಈಚೆಗೆ ಒಂದು ದೆವ್ವದ ಚಿತ್ರ ಬಂತು. ಹಳೆಯ ಬಂಗಲೆ, ತನ್ನಷ್ಟಕ್ಕೆ ತಾನೇ ತೆರೆದುಕೊಳ್ಳುವ ಬಾಗಿಲು. ಅದು ಕಿರ್ರೆಂದಾಗ ಚಿತ್ರಮಂದಿರವೆಲ್ಲ ಉಸಿರು ಬಿಗಿಹಿಡಿದಿತ್ತು. ಮುಂದಿನ ಸಾಲಿನ ಹುಡುಗಿ ಗೆಳತಿಯ ತೋಳಿಗೆ ಉಗುರು ನೆಟ್ಟಿದ್ದಳು. ಮಾವ ನನ್ನ ಕಡೆ ಬಾಗಿದರು. ಪಿಸುಗುಡುತ್ತಿದ್ದೇನೆ ಅಂದುಕೊಂಡೇ, ಕಿವಿ ಮಂದವಾದವರ ಗಂಟಲಿನಲ್ಲಿ, "ಚೌಕಟ್ಟು ಸೊಟ್ಟ ಕೂರ್ಸಿದಾರೆ. ಬಾಗ್ಲು ತೆರ್ಕೊಳ್ದೆ ಇನ್ನೇನು ಮಾಡುತ್ತೆ? ಇಷ್ಟಕ್ಕೆ ದೆವ್ವ ಯಾಕೆ ಬೇಕು?" ಎಂದರು. ಹಿಂದೆ ಮುಂದೆ ನಾಲ್ಕು ಸಾಲು ನಕ್ಕಿತು. ಆಮೇಲೆ ಆ ದೆವ್ವ ಎಷ್ಟು ಅರಚಾಡಿದರೂ ಯಾರೂ ಹೆದರಲಿಲ್ಲ. ನನಗೆ ಅದನ್ನು ಕಂಡು ಅಯ್ಯೋ ಪಾಪ ಅನ್ನಿಸಿತು. ಅದರ ಬಿಳಿ ನಿಲುವಂಗಿಯಂತೂ ಸೊಗಸಾಗಿತ್ತು. ಅಷ್ಟು ಬಟ್ಟೆಗೆ ಅಷ್ಟು ಸಣ್ಣ ನೆರಿಗೆ ಹಿಡಿದ ಟೈಲರಿಗೆ ಕೂತಲ್ಲೇ ಕೈಮುಗಿದೆ.

ಮುಂದಿನ ವಾರ ಪತ್ತೇದಾರಿ ಚಿತ್ರ. ಶ್ರೀಮಂತನೊಬ್ಬನ ಕೊಲೆಯಾಗುತ್ತದೆ. ಮನೆಯಲ್ಲಿ ಎಂಟು ಜನ, ಎಂಟು ಜನರೂ ಸುಳ್ಳರು. ನಾನು ಇಂಟರ್‌ವಲ್‌ಗೆ ಮುಂಚೆಯೇ ಕೊಲೆಗಾರನನ್ನು ಹಿಡಿದುಬಿಟ್ಟೆ. ಸತ್ತವನ ಗೆಳೆಯ ಊಟಕ್ಕೆ ಕೂತಾಗ ಅವನ ಕೋಟಿನ ಗುಂಡಿಗೆ ನಾಲ್ಕು ತೂತು. ಪೊಲೀಸರು ಬಂದಾಗ ಎರಡೇ ತೂತು. ಅಂದರೆ ನಡುವೆ ಕೋಟು ಬದಲಾಯಿಸಿದ್ದಾನೆ. ಯಾಕೆ ಬದಲಾಯಿಸಿದ? ರಕ್ತ! ಮಾವನಿಗೆ ಹೇಳಿದೆ, ಅವರೂ ತಲೆದೂಗಿದರು. ಮುಂದಿನ ಒಂದೂಕಾಲು ಗಂಟೆ ಇಬ್ಬರೂ ಆ ಗೆಳೆಯನ ಹೊಟ್ಟೆಯ ಮೇಲೇ ಕಣ್ಣಿಟ್ಟು ಕೂತೆವು. ಕೊನೆಗೆ ನೋಡಿದರೆ ಕೊಂದವಳು ಮನೆಗೆ ಬರುತ್ತಿದ್ದ ಡಾಕ್ಟರಮ್ಮ. ಗುಂಡಿ ಬದಲಾದದ್ದು ಬರೀ ಚಿತ್ರ ತೆಗೆದವರ ಬೇಜವಾಬ್ದಾರಿ. "ಈಯಮ್ಮ ಯಾವಾಗ ಬಂದ್ರು ಸಿನಿಮಾದಲ್ಲಿ?" ಎಂದು ಮಾವ ಕೇಳಿದರು. ನನಗಾದರೂ ಎಲ್ಲಿ ಗೊತ್ತು? ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಪ್ರೇಮದ ಚಿತ್ರವೊಂದನ್ನೂ ನೋಡಿದೆವು. ನಾಯಕಿ ಬಿಟ್ಟುಹೋದಳೆಂದು ನಾಯಕ ಮೇಜಿಗೆ ತಲೆಯಿಟ್ಟು ಅಳುತ್ತಿದ್ದ. ಸುತ್ತಲೂ ಕರ್ಚೀಫು ಹೊರಬಂದಿದ್ದವು. ಮಾವ ಮಾತ್ರ ಹಲ್ಲು ಕಡಿಯುತ್ತಿದ್ದರು. "ಒದ್ದೆ ಲೋಟಾನ ಹಾಗೇ ಮೇಜಿನ ಮೇಲೆ ಇಟ್ಟ ನೋಡಿ. ಪಾಲಿಶ್ ಹೋಯ್ತು. ಇಂಥವನ ಜೊತೆ ಯಾವ ಹೆಣ್ಣು ಬಾಳ್ತಾಳೆ? ಅವಳು ಹೋಗಿದ್ದೇ ಸರಿ." ಯುದ್ಧದ ಚಿತ್ರದಲ್ಲಿ ನಾನು ಹಾಗೇ ಹಲ್ಲು ಕಡಿದೆ: ಹದಿನೈದು ದಿನ ಕೆಸರಿನಲ್ಲಿ ಹೊರಳಾಡಿದ ಸೈನಿಕರ ಪ್ಯಾಂಟಿನ ಇಸ್ತ್ರಿ ಗೆರೆ ಕೂದಲೆಳೆಯಷ್ಟೂ ಕೆಟ್ಟಿರಲಿಲ್ಲ. ಆಕಾಶನೌಕೆಯ ಚಿತ್ರದಲ್ಲಿ ಮರ ಎನ್ನುವುದು ಕಡ್ಡಿಯಷ್ಟೂ ಇರದ ಕಾರಣ ಮಾವ ನನ್ನ ಹೆಗಲ ಮೇಲೆ ತಲೆಯಿಟ್ಟು ಚೆನ್ನಾಗಿ ನಿದ್ದೆ ಮಾಡಿದರು. ಆ ಜನ ತೊಟ್ಟ ಉಡುಪಿಗೆ ಜಿಪ್ಪು ಎಲ್ಲಿದೆ ಎಂದು ಹುಡುಕುತ್ತ ನಾನು ಅಲುಗಾಡದೆ ಕೂತಿದ್ದೆ. ಹೆಗಲು ಜೋಮು ಹಿಡಿಯಿತು. ಆದರೂ ಸಿನಿಮಾ ಇನ್ನಷ್ಟು ಉದ್ದ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಹೀಗಿರುವಾಗ ಒಂದು ಸಂಜೆ ನನ್ನ ಹೆಂಡತಿಯ ತಂಗಿ ಫೋನು ಮಾಡಿದಳು. ಅವಳ ಗಂಡ, ಎಂದರೆ ನನ್ನ ಷಡ್ಡಕ, ದೊಡ್ಡ ಆಫೀಸಿನಲ್ಲಿ ಸಾಹೇಬ. ಹೊಸ ಮನೆ ಕಟ್ಟಿಸಿದ್ದಾರೆ, ಕೆಳಗೇ ಅಪ್ಪನಿಗೊಂದು ಕೋಣೆ ಇದೆ, ಕಿಟಕಿ ತೆಗೆದರೆ ತೋಟ. ಇನ್ನು ಮುಂದೆ ಅಪ್ಪ ತಮ್ಮ ಜೊತೆಗೇ ಇರಲಿ ಎಂದಳು. ಮಾವ "ನೋಡೋಣ" ಎಂದರು. ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲಲ್ಲಿ ಬಟ್ಟೆಯ ತುಂಡು ಹಿಡಿದು ನಿಂತಿದ್ದರು.

"ಎರಡು ಅಂಗಿ ಹೊಲ್ಕೊಡಿ. ಅಲ್ಲಿಗೆ ಹೋಗೋಕೆ ಬೇಕಾಗುತ್ತೆ. ಅವಸರ ಏನಿಲ್ಲ."

ಅವರು ಹೋಗುವುದು ನನಗೆ ಬೇಡವಾಗಿತ್ತು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವನು ನಾನು. ಈ ಆರು ವರ್ಷದಲ್ಲಿ, ಬಾಗಿಲು ಚಿಲಕಗಳ ಈ ಮುದುಕ ನನಗೆ ಯಾವಾಗ ಅಷ್ಟು ಬೇಕಾದವರಾದರೋ ಗೊತ್ತಿಲ್ಲ. ಆದರೆ ಮಗಳು ಕರೆಯುವಾಗ ಅಡ್ಡ ನಿಲ್ಲಲು ಅಳಿಯ ಯಾರು? ಹೆಂಡತಿಯನ್ನು ಕೇಳಿದೆ. "ನಾನು ಇರಪ್ಪ ಅಂದ್ರೆ ತಂಗಿ ಬೇಜಾರು ಮಾಡ್ಕೋತಾಳೆ. ಹೋಗಪ್ಪ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಅದಕ್ಕೆ ಸುಮ್ನಿದೀನಿ" ಎಂದು ಕಣ್ಣೊರೆಸಿಕೊಂಡಳು. ನಾನೂ ಬಾಯಿಗೆ ಬೀಗ ಹಾಕಿಕೊಂಡೆ.

ಬಾಯಿಯಲ್ಲಿ ಹೇಳಲಾಗದ್ದನ್ನು ಕೈಯಲ್ಲಿ ಮಾಡಿದೆ. ಶಾಲೆಯ ಮೇಷ್ಟರ ಕೋಟು ಎರಡು ತಿಂಗಳಿಂದ ಒಂದು ತೋಳಿಲ್ಲದೆ ತೂಗಾಡುತ್ತಿತ್ತು. ಬ್ಯಾಂಕಿನವರ ಮೂರು ಪ್ಯಾಂಟು ಕತ್ತರಿಸಿದ ಹಾಗೇ ಇದ್ದವು. ಎಲ್ಲವನ್ನೂ ಪಕ್ಕಕ್ಕೆ ತಳ್ಳಿ ಮಾವನ ಅಂಗಿಗೆ ಕೂತೆ. ಆ ಸಾಹೇಬರ ಮನೆಯಲ್ಲಿ ನನ್ನ ಮಾವ ಯಾರಿಗೂ ಕಡಿಮೆ ಕಾಣಬಾರದು. ದಾರದ ಒಂದು ಎಳೆಯೂ ಹೊರಗೆ ಕಾಣದಂತೆ ಹೊಲಿಗೆಗಳನ್ನೆಲ್ಲ ಒಳಗೆ ಮಡಚಿ ಹೊಲಿದೆ, ಗುಂಡಿಯ ಕಾಜಾಗಳನ್ನು ಕೈಯಲ್ಲೇ ಹಾಕಿದೆ, ಬಡಗಿ ಕೆಲಸ ಬಿಟ್ಟರೂ ಅವರು ಬಿಡದ ಮೋಟು ಪೆನ್ಸಿಲ್ಲಿಗೆ ಜೇಬಿನೊಳಗೊಂದು ಪುಟ್ಟ ಜೇಬು ಇಟ್ಟೆ. ಮೂರನೆಯ ದಿನ ಬೆಳಿಗ್ಗೆ ಇಸ್ತ್ರಿ ಹಾಕಿ ಕೈಗಿತ್ತೆ.

ಮಾವ ಹೊಲಿಗೆಯ ಮೇಲೆ ಬೆರಳಾಡಿಸಿದರು. "ಇಷ್ಟು ಬೇಗ ಆಯ್ತಾ?"

"ನಿಮ್ಮ ಕೆಲಸ ಅಲ್ವಾ ಮಾವ, ತಡ ಮಾಡೋಕಾಗುತ್ತಾ?" ಎಂದೆ, ಬೀಗುತ್ತ.

ಅವರು ಅಂಗಿಗಳನ್ನು ಕಂಕುಳಿಗಿಟ್ಟುಕೊಂಡು ಒಳಗೆ ಹೋದರು. ಅಂದು ಸಂಜೆಯೇ ಮಂಚದ ಕೆಳಗಿನ ಪೆಟ್ಟಿಗೆ ಎಳೆದು ಧೂಳು ಒರೆಸಿದರು. ಮುಂದಿನ ಸೋಮವಾರ ಬರುತ್ತೇನೆಂದು ಕಿರಿಮಗಳಿಗೆ ತಿಳಿಸಿದರು. ಅಂಗಿ ಹಿಡಿಸಿತೋ ಇಲ್ಲವೋ ಎಂಬುದನ್ನೂ ಹೇಳಲಿಲ್ಲ.

ಸೋಮವಾರಕ್ಕೆ ಮುಂಚಿನ ಭಾನುವಾರ ಹೋದದ್ದು ನಗೆ ಚಿತ್ರಕ್ಕೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಳ್ಳನೊಬ್ಬ ಪೊಲೀಸರಿಗೆ ಹೆದರಿ ಬೀರುವಿನೊಳಗೆ ಅಡಗುತ್ತಾನೆ. ಅಲ್ಲಿ ಆಗಲೇ ಇನ್ನೊಬ್ಬ ಕಳ್ಳ ಕೂತಿರುತ್ತಾನೆ. ಆ ಬೀರುವೋ, ಮುಟ್ಟಿದರೆ ಬೀಳುವಂಥದ್ದು. ಹಲಗೆಗೂ ಹಲಗೆಗೂ ನಡುವೆ ಬೆರಳು ತೂರಿಸಬಹುದಿತ್ತು. ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಎಂದು ಕಾದೆ. ಮಾವ ತುಟಿ ಎರಡು ಮಾಡಲಿಲ್ಲ. ತೆರೆಯ ಮೇಲೆ ಕಣ್ಣಿತ್ತು, ಅಷ್ಟೇ. ಕಳ್ಳನ ಪ್ಯಾಂಟಿನ ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿತ್ತು, ಹೇಳಬೇಕೆಂದು ನನಗೂ ಅನ್ನಿಸಲಿಲ್ಲ. ಮುಂದಿನ ಭಾನುವಾರ ಪಕ್ಕದ ಕುರ್ಚಿಯಲ್ಲಿ ಯಾರೋ ಪಾಪ್‌ಕಾರ್ನ್ ಪೊಟ್ಟಣ ಹಿಡಿದವನು ಕೂತಿರುತ್ತಾನೆ ಎಂದು ನೆನೆದೆ. ತಡೆಯಲಾಗಲಿಲ್ಲ.

"ಮಾವ, ಹೋಗ್ಬೇಡಿ."

ಜನರ ನಗುವಿನಲ್ಲಿ ಅವರಿಗೆ ಕೇಳಿಸಲಿಲ್ಲ. "ಏನು?"

"ಹೋಗ್ಬೇಡಿ ಅಂದೆ."

"ಏನಂದ್ರಿ?"

"ಹೋಗ್ಬೇಡಿ ಮಾವ!"

ಮೂರನೆಯ ಸಲ ನಾನು ಕೂಗಿದ ಹೊತ್ತಿಗೆ ಸರಿಯಾಗಿ ತೆರೆಯ ಮೇಲೆ ಕಳ್ಳರಿಬ್ಬರೂ ಉಸಿರು ಬಿಗಿಹಿಡಿದಿದ್ದರು. ಚಿತ್ರಮಂದಿರದಲ್ಲಿ ಪಿಟ್ಟೆಂಬ ಸದ್ದಿಲ್ಲ. ನನ್ನ ಮಾತು ಕಟ್ಟಕಡೆಯ ಸಾಲಿನವರೆಗೂ ಹೋಯಿತು. ಆಮೇಲೆ ಹಿಂದಿನಿಂದ ಯಾರೋ ಹೆಂಗಸು, "ಇರಿ ಮಾವ, ಅಷ್ಟು ಕೇಳ್ಕೋತಿದಾರಲ್ಲ!" ಎಂದಳು. ಇಡೀ ಚಿತ್ರಮಂದಿರ ಗೊಳ್ಳೆಂದಿತು. ಮಾವ ಎದ್ದರು. ಜನರ ಮೊಣಕಾಲುಗಳನ್ನು ದಾಟುತ್ತ ಹೊರಗೆ ನಡೆದೇಬಿಟ್ಟರು. ಮಾನ ಹರಾಜಾಯಿತು, ಕೆಲಸವೂ ಕೆಟ್ಟಿತು ಎಂದುಕೊಂಡು ಹಿಂದೆಯೇ ಓಡಿದೆ.

ಹೊರಗೆ, ಮುಂದೆ ಬರಲಿರುವ ಚಿತ್ರಗಳ ಪೋಸ್ಟರುಗಳ ಮುಂದೆ ನಿಂತಿದ್ದರು. ಮುಖ ಕೆಂಪಾಗಿತ್ತು.

"ನೀನು ಟೈಲರ್ ಕಣಯ್ಯ!" ಎಂದರು. ಆರು ವರ್ಷದಲ್ಲಿ ಅವರು ನನ್ನನ್ನು ನೀನು ಎಂದದ್ದು ಅದೇ ಮೊದಲು. "ಮೇಷ್ಟ್ರ ಕೋಟು ಎಷ್ಟು ದಿನದಿಂದ ನೇತಾಡ್ತಿದೆ? ನಾಳೆ ಬನ್ನಿ, ನಾಳಿದ್ದು ಬನ್ನಿ ಅಂತ ಎಷ್ಟು ಜನರನ್ನ ಅಟ್ತೀಯ? ಅವರು ನಿನ್ನ ಬೈಕೊಂಡು ಹೋಗೋದು ನನ್ನ ಕಿವಿಗೂ ಕೇಳುತ್ತೆ. ಅವಸರ ಇಲ್ಲ ಅಂತ ಬೇರೆ ಹೇಳಿದ್ದೆ. ನಿನ್ನ ಕೈಗೆ ಬಟ್ಟೆ ಕೊಟ್ರೆ ಮೂರು ತಿಂಗಳು ನಿಶ್ಚಿಂತೆ ಅಂದ್ಕೊಂಡಿದ್ದೆ. ಅಂಗಿ ಇನ್ನೂ ಆಗಿಲ್ಲ, ಅಂಗಿ ಇನ್ನೂ ಆಗಿಲ್ಲ ಅಂತ ಚಿಕ್ಕವಳಿಗೆ ಹೇಳ್ತಾ ಇಲ್ಲೇ ಇದ್ದುಬಿಡಬಹುದು ಅಂತ. ನೀನು ನೋಡಿದ್ರೆ ಎರಡೇ ದಿನಕ್ಕೆ ಇಸ್ತ್ರಿ ಹಾಕಿ ತಂದು ಕೈಗಿಟ್ಟೆ! ನಾನು ಏನಂತ ತಿಳ್ಕೊಳ್ಲಿ? ಯಾವಾಗ ತೊಲಗ್ತಾನೋ ಅಂತ ಕಾಯ್ತಿದಾನೆ ಅಂದ್ಕೊಂಡೆ."

ನನಗೆ ನಗು ಬಂತೋ ಅಳು ಬಂತೋ, ಎರಡೂ ಬಂತು. "ಅಯ್ಯೋ ಮಾವ, ಅಲ್ಲಿ ನಿಮ್ಮನ್ನ ಯಾರೂ ಕೀಳಾಗಿ ನೋಡ್ಬಾರ್ದು ಅಂತ ಹೊಲ್ದೆ. ನಿಮ್ಮ ಮೇಲಿನ ಪ್ರೀತಿಗೆ ಹೊಲ್ದೆ. ನಂಗೆ ಬರೋದು ಅದೊಂದೇ."

"ಪ್ರೀತಿ ಇದ್ರೆ ತಡ ಮಾಡ್ಬೇಕಿತ್ತು" ಎಂದರು. ಸ್ವಲ್ಪ ಹೊತ್ತು ಪೋಸ್ಟರಿನ ಕಡೆ ನೋಡುತ್ತ ಮೂಗೊರೆಸಿಕೊಂಡರು. ಆಮೇಲೆ ಕೈ ಚಾಚಿದರು. "ಅವಳಿಗೆ ಫೋನ್ ಮಾಡ್ಕೊಡು."

ನಾದಿನಿಯ ನಂಬರು ಒತ್ತಿ ಕೊಟ್ಟೆ. ಮಾವ ಫೋನನ್ನು ಕಿವಿಗೆ ಒತ್ತಿ ಹಿಡಿದು, ಟಿಕೆಟ್ ಹರಿಯುವವನೂ ಚಹಾ ಮಾರುವವಳೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಮಾತಾಡಿದರು.

"ನಾಳೆ ಬರೋಕಾಗಲ್ಲ ಕಣಮ್ಮ. ... ಇಲ್ಲ, ಹುಷಾರಾಗೇ ಇದೀನಿ. ... ಅಳಿಯ ಬಿಡ್ತಿಲ್ಲ."

ಆ ಕಡೆಯಿಂದ ಅವಳೇನೋ ಹೇಳಿದಳು. ಅವಳಿಗೆ ಮೊದಲ ಸಲವೇ ಚೆನ್ನಾಗಿ ಕೇಳಿಸಿತ್ತು, ಅದು ಇಲ್ಲಿಗೇ ಗೊತ್ತಾಗುತ್ತಿತ್ತು. ಆದರೂ ಮಾವ ಬೆನ್ನು ನೆಟ್ಟಗೆ ಮಾಡಿಕೊಂಡು, ಇನ್ನಷ್ಟು ಗಟ್ಟಿಯಾಗಿ, ಇನ್ನೊಂದು ಸಲ ಹೇಳಿದರು:

"ಬಿಡ್ತಿಲ್ಲ ಕಣೇ. ಎಷ್ಟು ಹೇಳಿದ್ರೂ ಬಿಡ್ತಿಲ್ಲ. ನಾನೇನು ಮಾಡ್ಲಿ?"