ಬಿದ್ದವಳಿಗೆ ಚಪ್ಪಾಳೆ

ಆ ಫುಟ್‌ಬಾಲ್ ಮೈದಾನದಲ್ಲಿ ಗೋಲು ಬಿದ್ದರೆ ಯಾರೂ ಕುಣಿಯುತ್ತಿರಲಿಲ್ಲ, ಎಲ್ಲರೂ ಮಲಗುತ್ತಿದ್ದರು. ಗೋಲು ಹೊಡೆದವರು, ಅವರ ಜೊತೆಗಾರರು, ಬೆಂಚಿನ ಮೇಲಿದ್ದವರು, ಬೇಲಿಯಾಚೆ ನಿಂತ ಮಕ್ಕಳು ಕೂಡ ಕೈಕಾಲು ಚಾಚಿ ಹುಲ್ಲಿನ ಮೇಲೆ ಅಂಗಾತ ಬೀಳುತ್ತಿದ್ದರು. ಮೊದಲ ಸಲ ಬಂದ ಎದುರು ತಂಡದವರು, ಇವರಿಗೇನು ಗರ ಬಡಿಯಿತಪ್ಪಾ ಎಂದು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಆಗ ಯಾರಾದರೂ ಅವರ ಕಿವಿಯಲ್ಲಿ ಹೇಳುತ್ತಿದ್ದರು: "ಇದು ನಮ್ಮ ಮಿಡತೆಗಾಗಿ." ಕೇಳಿದವರು ತಲೆ ತಗ್ಗಿಸಿ ನಿಲ್ಲುತ್ತಿದ್ದರು.

ಮಿಡತೆ ಎಂದರೆ ಬ್ರೆಡ್ ಅಂಗಡಿಯವನ ಮಗ. ಚೆಂಡಿಗೆ ತಲೆ ಕೊಡಲು ನೆಗೆದನೆಂದರೆ ಕೆಳಗೆ ಇಳಿಯುವುದನ್ನೇ ಮರೆತನೇನೋ ಅನ್ನಿಸುತ್ತಿತ್ತು. ಹಾಗಾಗಿ ಆ ಹೆಸರು. ಗೋಲು ಹೊಡೆದ ಮೇಲೆ ಕೆಲವು ಸಲ ದೊಪ್ಪನೆ ಬಿದ್ದು, ಸ್ವಲ್ಪ ಹೊತ್ತು ಅಲ್ಲೇ ಮಲಗಿ, ಆಮೇಲೆ ಎದ್ದು ನಗುತ್ತ ಕೈಬೀಸುತ್ತಿದ್ದ. ಅದು ಅವನ ಗತ್ತು ಎಂದು ಜನ ಕೊಂಡಾಡುತ್ತಿದ್ದರು. ಹೋದ ವರ್ಷ ಒಂದು ಪಂದ್ಯದ ನಡುವೆಯೇ ತೀರಿಕೊಂಡ. ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಹೃದಯ ನಿಂತುಹೋಯಿತು ಎಂದರು ಆಸ್ಪತ್ರೆಯಲ್ಲಿ. ಇನ್ನೂ ಏನೇನೋ ಹೇಳಿದ್ದರು. ಆ ಹೊತ್ತಿನಲ್ಲಿ ಅಪ್ಪನ ಕಿವಿಗೆ ಯಾವುದೂ ಇಳಿಯಲಿಲ್ಲ.

ಆಮೇಲೆ ಊರು ತನಗೆ ತಿಳಿದ ಹಾಗೆ ಅತ್ತಿತು. ಅಂಗಡಿಯ ಎದುರಿನ ಗೋಡೆಯ ಮೇಲೆ ಮಿಡತೆಯ ಚಿತ್ರ ಬಂತು. ಅಂಗಡಿಯ ಶಟರಿಗೆ ಜನ ತಂಡದ ಬಣ್ಣದ ಸ್ಕಾರ್ಫುಗಳನ್ನು ಕಟ್ಟಿಹೋದರು. ಶಟರ್ ಎತ್ತುವ ಮುನ್ನ ಅಪ್ಪ ಅವನ್ನೆಲ್ಲ ಬಿಚ್ಚಿ ಕುರ್ಚಿಯ ಮೇಲಿಟ್ಟು, ಮತ್ತೆ ಶಟರ್ ಇಳಿಸಿದಾಗ ಒಂದೊಂದಾಗಿ ಕಟ್ಟುತ್ತಿದ್ದ. ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ. ಇಷ್ಟರ ಮೇಲೆ, ಈ ಭಾನುವಾರ ಮಿಡತೆಯ ನೆನಪಿನ ಪಂದ್ಯ. ಅವನ ಜೆರ್ಸಿ ತೊಟ್ಟು ಅವನ ಜಾಗದಲ್ಲಿ ಆಡುವವಳು ಅವನ ತಂಗಿ. ಹದಿನಾರರ ಹುಡುಗಿ, ಮೈದಾನದವರ ಬಾಯಲ್ಲಿ ಮರಿಮಿಡತೆ.

ಪಂದ್ಯಕ್ಕೆ ಮುಂಚಿನ ವಾರದ ಒಂದು ಸಂಜೆ. ಅಪ್ಪ ಟ್ರೇಗಳಿಗೆ ಅಂಟಿದ ಸೀಕಲನ್ನು ಕೆರೆಯುತ್ತಿದ್ದ. ಎದುರು ಮನೆಯ ನರ್ಸಮ್ಮ ಡ್ಯೂಟಿ ಮುಗಿಸಿ ನೇರ ಅಂಗಡಿಗೆ ಬಂದಳು.

"ಏನು ನರ್ಸಮ್ಮ, ಇವತ್ತೂ ಆ ಗಟ್ಟಿ ಬ್ರೆಡ್ಡೇ ಬೇಕಾ? ಹಲ್ಲು ಹೋದ್ರೆ ನನ್ನ ಕೇಳ್ಬೇಡಿ."

"ಬ್ರೆಡ್ಡು ಆಮೇಲೆ ಅಣ್ಣ. ನಿನ್ನೆ ಪ್ರಾಕ್ಟೀಸಲ್ಲಿ ಮಗಳು ಬಿದ್ದಳಲ್ಲ, ನೋಡಿದ್ರಾ?"

"ನೋಡ್ದೆ ಇರ್ತೀನಾ! ಥೇಟ್ ಅವರಣ್ಣನೇ. ಗೋಲು ಹೊಡೆದು ದೊಪ್ಪಂತ ಬಿದ್ಲು. ಪ್ರಾಕ್ಟೀಸು ಅಂತ ಬೇರೆಯೋರು ಮಲಗ್ಲಿಲ್ಲ, ಎಲ್ರೂ ಚಪ್ಪಾಳೆಯೋ ಚಪ್ಪಾಳೆ. ನಾನೂ ಹೊಡ್ದೆ."

"ಅವಳು ಗೋಲು ಹೊಡೀಲಿಲ್ಲ ಅಣ್ಣ. ಬಾಲು ಕಂಬಕ್ಕೆ ಬಡಿದು ಆಚೆ ಹೋಯ್ತು."

ಟ್ರೇ ಕೆರೆಯುವ ಸದ್ದು ನಿಂತಿತು.

"ಗೋಲಾಯ್ತು ಅಂದ್ಕೊಂಡಿರ್ತಾಳೆ," ಎಂದ ಅಪ್ಪ.

"ಬೇಕಂತ ಮಲಗೋರು ಕೈ ಊರ್ತಾರೆ. ಇವಳು ಮರ ಬಿದ್ದ ಹಾಗೆ ಮುಖ ಅಡಿಯಾಗಿ ಬಿದ್ಲು. ಗಲ್ಲ ತರಚಿದೆ, ನೋಡಿಲ್ವಾ?"

ಒಳಗೆ ಹಿಟ್ಟು ನಾದುತ್ತಿದ್ದ ಅಮ್ಮ ಮೊಳಕೈವರೆಗೂ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದಳು. "ನಾನು ನೋಡಿದೀನಿ. ಕೇಳಿದ್ರೆ ಬೇಲಿ ತಾಗಿತು ಅಂದ್ಲು."

"ಬೇಲಿ ಎಲ್ಲಿ, ಅವಳು ಬಿದ್ದಿದ್ದು ಎಲ್ಲಿ ಅತ್ತಿಗೆ!" ಎಂದಳು ನರ್ಸಮ್ಮ. "ನಾಳೆನೇ ಹೃದಯದ ಡಾಕ್ಟರಿಗೆ ತೋರಿಸಿ. ಇಸಿಜಿ, ಎದೆಯ ಸ್ಕ್ಯಾನು ಎರಡೂ ಮಾಡಿಸಿ. ಅಲ್ಲಿವರೆಗೂ ಮೈದಾನಕ್ಕೆ ಇಳಿಸ್ಬೇಡಿ."

ಅಪ್ಪನಿಗೆ ರೇಗಿತು. "ನೋಡಿ ನರ್ಸಮ್ಮ, ಒಬ್ಬನ್ನ ಕಳ್ಕೊಂಡು ಕೂತಿದೀವಿ. ಇನ್ನು ಇವಳಿಗೂ ಒಂದು ಕಾಯಿಲೆ ಹುಡುಕಿ ಕೊಡ್ತೀರಾ? ಕುದುರೆ ಥರ ಓಡ್ತಾಳೆ. ಕಾಯಿಲೆ ಇರೋರು ಹಂಗೆ ಓಡ್ತಾರಾ?"

"ಅವನೂ ಓಡ್ತಿದ್ದ ಅಣ್ಣ."

ಅಪ್ಪ ಮುಖ ತಿರುಗಿಸಿದ. "ಬೆಳಿಗ್ಗೆ ಏನೂ ತಿನ್ನಲ್ಲ. ಬ್ರೆಡ್ ಅಂಗಡಿಯವನ ಮಗಳು, ಖಾಲಿ ಹೊಟ್ಟೆ! ಬಿಸಿಲು ಬೇರೆ. ತಲೆ ಸುತ್ತಿರುತ್ತೆ, ಅಷ್ಟೆ."

"ಬಿಸಿಲಲ್ಲಿ ತುಂಬಾ ಹೊತ್ತು ನಿಂತು ತಲೆ ಸುತ್ತೋದು ಬೇರೆ. ಓಡ್ತಾ ಓಡ್ತಾ ಎಚ್ಚರ ತಪ್ಪೋದು ಬೇರೆ. ಅದನ್ನ ಬಿಸಿಲು, ಹಸಿವು ಅಂತ ಮನೇಲೇ ತೀರ್ಮಾನ ಮಾಡ್ಬಾರ್ದು. ಅದರಲ್ಲೂ ಒಡಹುಟ್ಟಿದವನು ಚಿಕ್ಕ ವಯಸ್ಸಲ್ಲೇ ಹಿಂಗೆ ಹೋಗಿರೋ ಮನೇಲಿ."

"ಭಾನುವಾರ ಊರೆಲ್ಲ ಬರುತ್ತೆ. ಅಣ್ಣನ ಜೆರ್ಸಿ ತಂಗಿ ಹಾಕ್ಕೊಂಡು ಆಡೋದು ನೋಡೋಕೆ ಬರ್ತಾರೆ. ಅವರಿಗೆ ಏನಂತ ಹೇಳ್ಲಿ?"

ಅಷ್ಟರಲ್ಲಿ ಬೂಟುಗಳ ಲೇಸನ್ನು ಗಂಟುಹಾಕಿ ಕೊರಳಿಗೆ ನೇತುಹಾಕಿಕೊಂಡು ಮಗಳೇ ಬಂದಳು. ಮೂವರೂ ತನ್ನನ್ನೇ ನೋಡುವುದನ್ನು ಕಂಡು ಬಾಗಿಲಲ್ಲೇ ನಿಂತಳು.

"ಏನು, ನನ್ನ ಹರಾಜು ಹಾಕ್ತಿದೀರಾ?"

ಅಪ್ಪ ಮೆಲ್ಲಗೆ ಕೇಳಿದ, "ನಿನ್ನೆ ಮಲಗಿದ್ಯಾ, ಬಿದ್ಯಾ?"

ಹುಡುಗಿ ನರ್ಸಮ್ಮನ ಕಡೆ ಒಮ್ಮೆ ಕೆಕ್ಕರಿಸಿದಳು. ಅಮ್ಮ ಹತ್ತಿರ ಹೋಗಿ, ಹಿಟ್ಟಿನ ಬೆರಳಿನಿಂದಲೇ ಅವಳ ಗಲ್ಲದ ತರಚನ್ನು ಮುಟ್ಟಿದಳು.

"ಗೊತ್ತಿಲ್ಲ ಅಪ್ಪ," ಎಂದಳು ಮಗಳು ಕೊನೆಗೆ. "ಓಡ್ತಿದ್ದೆ. ಎದೆ ಡವಡವ ಅಂತು, ಕಣ್ಣು ಕತ್ತಲೆ ಬಂತು. ಕಣ್ಣು ಬಿಟ್ಟಾಗ ಎಲ್ರೂ ಚಪ್ಪಾಳೆ ಹೊಡೀತಿದ್ರು."

ಅಪ್ಪ ಅವಳನ್ನು ಮೈದಾ ಮೂಟೆಯ ಮೇಲೆ ಕೂರಿಸಿದ.

ಆಮೇಲೆ ಅವಳ ಬಾಯಿಂದ ಉಳಿದದ್ದೂ ಹೊರಬಂತು. "ಅಣ್ಣಂಗೂ ಹಿಂಗೇ ಆಗ್ತಿತ್ತು. ಮೊದಲ ಸಲ ನಿಜವಾಗ್ಲೂ ಎಚ್ಚರ ತಪ್ಪಿ ಬಿದ್ದನಂತೆ. ಎದ್ದಾಗ ಎಲ್ರೂ ಶಿಳ್ಳೆ ಹೊಡೀತಿದ್ರಂತೆ. ನಾಚಿಕೆಯಾಗಿ ನಕ್ಕು ಕೈಬೀಸಿಬಿಟ್ಟೆ ಕಣೇ ಅಂದಿದ್ದ. ಆಮೇಲೆ ಒಂದೊಂದ್ಸಲ ಬೇಕಂತಲೂ ಬೀಳ್ತಿದ್ದ, ಯಾವುದು ನಿಜ ಅಂತ ಯಾರಿಗೂ ಗೊತ್ತಾಗ್ಬಾರ್ದು ಅಂತ. ಹೇಳಿದ್ರೆ ಟೀಮಿಂದ ತೆಗೀತಾರೆ, ಬಾಯಿ ಬಿಡ್ಬೇಡ ಅಂತ ನನ್ನ ಕೈಲಿ ಆಣೆ ಮಾಡಿಸ್ಕೊಂಡಿದ್ದ."

ಅಂಗಡಿಗೆ ಯಾರೋ ಗಿರಾಕಿ ಬಂದು ನಿಂತರು. ಅಮ್ಮ ಕೈ ಒರೆಸಿಕೊಂಡು ಅವರಿಗೆ ಬ್ರೆಡ್ ಕಟ್ಟಿಕೊಟ್ಟು ಕಳಿಸಿದಳು. ತಿರುಗಿ ಬಂದವಳು ಗಂಡನನ್ನು ಕೇಳಲೂ ಇಲ್ಲ. "ನಾಳೆ ಎಷ್ಟೊತ್ತಿಗೆ ಹೋಗ್ಬೇಕು ನರ್ಸಮ್ಮ?" ಎಂದಳು.

"ನಾಳೆ ಅಂಗಡಿ ಬಾಗಿಲು ತೆಗೆಯೋದು ಬೇಡ," ಎಂದ ಅಪ್ಪ. "ಮೂರೂ ಜನ ಹೋಗೋಣ."

ಆಸ್ಪತ್ರೆಯಲ್ಲಿ ಮೊದಲು ಮಗಳ ಎದೆ, ಕೈಕಾಲುಗಳಿಗೆ ವೈರು ಅಂಟಿಸಿ ಇಸಿಜಿ ತೆಗೆದರು. ಆಮೇಲೆ ಎದೆಗೆ ತಣ್ಣನೆಯ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು. ನೋವಿಲ್ಲ, ಸೂಜಿಯಿಲ್ಲ. ಪರದೆಯ ಮೇಲೆ ಬೂದು ಬಣ್ಣದ ಮುಷ್ಟಿಯೊಂದು ಮುಚ್ಚಿ ತೆರೆದು ಮಾಡುತ್ತಿತ್ತು. ಅಪ್ಪ ಅದನ್ನೇ ರೆಪ್ಪೆ ಬಡಿಯದೆ ನೋಡಿದ. ಮಗಳ ಹೃದಯ ಅವನು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು.

"ಹೃದಯದ ಗೋಡೆ ಇರ್ಬೇಕಾದ್ದಕ್ಕಿಂತ ದಪ್ಪ ಇದೆ," ಎಂದರು ಡಾಕ್ಟರಮ್ಮ. "ಇದು ಮನೆತನದಲ್ಲೇ ಹರಿದು ಬರೋ ತೊಂದರೆ. ಬಹುಶಃ ಅಣ್ಣನಿಗೂ ಇದೇ ಇತ್ತು. ಓಡುವಾಗ ಹೃದಯದ ತಾಳ ತಪ್ಪಬಹುದು. ಮಾತ್ರೆ ಕೊಡ್ತೀನಿ, ಇನ್ನೂ ಕೆಲವು ಪರೀಕ್ಷೆ ಇದೆ. ಸರಿಯಾಗಿ ನೋಡಿಕೊಂಡ್ರೆ ಇದನ್ನ ಇಟ್ಕೊಂಡೇ ಮುದುಕಿಯಾಗೋವರೆಗೂ ಬಾಳಬಹುದು. ಆದ್ರೆ ಸದ್ಯಕ್ಕೆ ಪಂದ್ಯ ಬೇಡ. ನೀವಿಬ್ಬರೂ ಪರೀಕ್ಷೆ ಮಾಡಿಸ್ಕೊಳ್ಳಿ."

ಮನೆಗೆ ಬರುವ ಬಸ್ಸಿನಲ್ಲಿ ಮಗಳು ಕಿಟಕಿಗೆ ಹಣೆ ಒತ್ತಿ ಅಳುತ್ತಿದ್ದಳು. "ನಿಮ್ಮಿಬ್ಬರ ಮೇಲೂ ನಂಗೆ ಸಿಟ್ಟು. ಆ ನರ್ಸಾಂಟಿ ಮೇಲೂ. ಇನ್ನು ಜನ್ಮದಲ್ಲಿ ಮಾತಾಡಲ್ಲ."

"ಬೈಕೋ," ಎಂದಳು ಅಮ್ಮ. "ಬೈಯೋಕೆ ನೀನಿದೀಯಲ್ಲ, ಸಾಕು."

ಈಗ ಉಳಿದದ್ದು ಊರಿಗೆ ಹೇಳುವುದು. ಅಪ್ಪ ಕ್ಲಬ್ಬಿನ ಶೆಡ್ಡಿಗೆ ಹೋದ. ಒದ್ದೆ ಬೂಟುಗಳ ವಾಸನೆಯ ನಡುವೆ ಕೋಚ್ ಜೆರ್ಸಿಗಳನ್ನು ಮಡಿಸುತ್ತಿದ್ದ. ಪ್ರತಿ ಪಂದ್ಯಕ್ಕೂ ಡೋಲು ಬಾರಿಸುವ ಸೈಕಲ್ ರಿಪೇರಿಯವನೂ ಅಲ್ಲಿದ್ದ. ಡಾಕ್ಟರಮ್ಮ ಹೇಳಿದ್ದನ್ನು ತಿಳಿಸಿ, ಮಗಳು ಆಡುವುದಿಲ್ಲ ಎಂದಾಗ ಇಬ್ಬರೂ ಸರಿ ಎಂದು ತಲೆಯಾಡಿಸಿದರು. "ಇನ್ನು ಮೇಲೆ ಗೋಲು ಬಿದ್ದಾಗ ಯಾರೂ ಮಲಗೋದೂ ಬೇಡ" ಎಂದಾಗ ಮಾತ್ರ ಡೋಲಿನವನು ಸಿಡಿದುಬಿದ್ದ.

"ಏನಣ್ಣ ಹೀಗಂತೀಯ! ನಮಗೆ ಅವನು ಅಂತ ಉಳಿದಿರೋದು ಅದೊಂದೇ. ಅದನ್ನೂ ಕಿತ್ಕೋತೀಯಾ?"

"ಆವತ್ತು ಅವನು ಬಿದ್ದಾಗ ಮೊದಲು ಯಾರು ಓಡಿದ್ರು, ಹೇಳು."

ಡೋಲಿನವನು ಕೋಚ್ ಕಡೆ ತಿರುಗಿದ.

"ಯಾರೂ ಓಡ್ಲಿಲ್ಲ," ಎಂದ ಅಪ್ಪ. ದನಿ ಏರಿಸಲಿಲ್ಲ. "ಯಾವಾಗ್ಲೂ ಮಲಗೋ ಹಂಗೆ ಮಲಗಿದಾನೆ ಅಂದ್ಕೊಂಡ್ವಿ. ಈಗ ಎಲ್ಲ ಮಕ್ಕಳಿಗೂ ಅದನ್ನೇ ಕಲಿಸಿದೀವಿ. ನಾಳೆ ಒಂದು ಮಗು ನಿಜವಾಗ್ಲೂ ಬಿದ್ರೆ ಹೆಂಗೆ ಗೊತ್ತಾಗುತ್ತೆ? ನನ್ನ ಮಗಳು ಬಿದ್ದಿದ್ದೇ ಗೊತ್ತಾಗ್ಲಿಲ್ವಲ್ಲೋ."

ಕೋಚ್ ಅದೇ ಜೆರ್ಸಿಯನ್ನು ಬಿಚ್ಚಿ ಬಿಚ್ಚಿ ಮಡಿಸುತ್ತಿದ್ದ. ಕೊನೆಗೆ ಡೋಲಿನವನೇ ಕೇಳಿದ, "ಹಂಗಾದ್ರೆ ಅವನಿಗಾಗಿ ಏನು ಮಾಡೋಣ ಅಣ್ಣ? ಏನಾದ್ರೂ ಮಾಡ್ಬೇಕಲ್ಲ."

ಭಾನುವಾರ ನರ್ಸಮ್ಮ ಆಸ್ಪತ್ರೆಯಿಂದ, ಹೃದಯ ನಿಂತಾಗ ಎದೆ ಒತ್ತುವುದನ್ನು ಕಲಿಸುವ ಬೊಂಬೆಗಳನ್ನು ತಂದಳು. ಸೊಂಟದಿಂದ ಮೇಲಷ್ಟೇ ಇರುವ ರಬ್ಬರ್ ಬೊಂಬೆಗಳು. ಪಂದ್ಯಕ್ಕೆ ಮೊದಲು ಎರಡೂ ತಂಡದವರು, ಅಮ್ಮಂದಿರು, ಅಪ್ಪಂದಿರು ಹುಲ್ಲಿನ ಮೇಲೆ ಮಂಡಿಯೂರಿದರು.

"ಭುಜ ತಟ್ಟಿ ಕೂಗಿ. ಮಿಸುಕಾಡ್ತಿಲ್ಲ, ಸರಿಯಾಗಿ ಉಸಿರಾಡ್ತಿಲ್ಲ ಅಂದ್ರೆ ಒಬ್ಬರು ಆಂಬುಲೆನ್ಸಿಗೆ ಫೋನ್ ಮಾಡಿ," ಎಂದಳು ನರ್ಸಮ್ಮ. "ಬಾಯಿಗೆ ನೀರು ಹಾಕ್ಬೇಡಿ. ಎದೆಯ ನಡುವೆ ಒಂದು ಅಂಗೈ, ಅದರ ಮೇಲೆ ಇನ್ನೊಂದು. ಮೊಳಕೈ ಬಗ್ಗಿಸ್ದೆ ಜೋರಾಗಿ ಒತ್ತಿ, ಪೂರ್ತಿ ಬಿಡಿ. ಸೆಕೆಂಡಿಗೆ ಹತ್ತಿರ ಹತ್ತಿರ ಎರಡು ಸಲ. ಸಹಾಯ ಬರೋವರೆಗೂ ನಿಲ್ಲಿಸ್ಬೇಡಿ. ಸುಸ್ತಾದ್ರೆ ಪಕ್ಕದೋರಿಗೆ ಕೊಡಿ."

ಆ ವೇಗ ಯಾರಿಗೂ ಹಿಡಿತಕ್ಕೆ ಬರಲಿಲ್ಲ. ಡೋಲಿನವನು ಎದ್ದು ಡೋಲು ಕೊರಳಿಗೆ ಹಾಕಿಕೊಂಡ. ಅವನು ಬಾರಿಸಿದ ತಾಳಕ್ಕೆ ಇಡೀ ಮೈದಾನ ಒತ್ತಿತು.

ಪಂದ್ಯ ಶುರುವಾಯಿತು. ಮರಿಮಿಡತೆ ಬೆಂಚಿನ ಮೇಲೆ ಮುಖ ಊದಿಸಿಕೊಂಡು ಕುಳಿತಿದ್ದಳು. ಸ್ವಲ್ಪ ಹೊತ್ತಿಗೆ ಎದುರು ತಂಡದ ಗೋಲ್‌ಕೀಪರ್, ಹತ್ತಿರ ಯಾರೂ ಇಲ್ಲದಾಗ, ಧಡಾರನೆ ಬಿದ್ದ. ಎಲ್ಲರಿಗಿಂತ ಮೊದಲು ಅವಳೇ ಎದ್ದುನಿಂತು ಕಿರುಚಿದಳು: "ಯಾರೂ ಮುಟ್ಟಿಲ್ಲ ಅವನ್ನ! ಓಡಿ!"

ಕೋಚ್ ಓಡಿದ, ನರ್ಸಮ್ಮ ಓಡಿದಳು, ಅಪ್ಪ ಚಪ್ಪಲಿ ಬಿಟ್ಟು ಓಡಿದ, ಡೋಲಿನವನು ಡೋಲು ಸಮೇತ ಓಡಿದ. ಗೋಲ್‌ಕೀಪರ್ ಕಣ್ಣು ಬಿಟ್ಟರೆ ಸುತ್ತ ಊರಿಗೆ ಊರೇ ಬಗ್ಗಿ ನೋಡುತ್ತಿದೆ. ಆಗಲೇ ಒಬ್ಬರು ಅವನ ಭುಜ ತಟ್ಟುತ್ತಿದ್ದರು.

"ಅಯ್ಯೋ ಬಿಡ್ರಣ್ಣ! ಲೇಸು ಬಿಚ್ಚಿತ್ತು, ಎಡವಿ ಬಿದ್ದೆ!"

ಮೈದಾನವೆಲ್ಲ ಗೊಳ್ಳೆಂದಿತು. ಬೆಂಚಿನ ಮೇಲಿದ್ದವಳೂ ನಕ್ಕಳು, ಆ ವಾರದಲ್ಲಿ ಮೊದಲ ಬಾರಿಗೆ. ಅಪ್ಪ ಕುಕ್ಕರಗಾಲಲ್ಲಿ ಕೂತು ಏದುಸಿರು ಬಿಡುತ್ತ, ಆ ಹುಡುಗನ ಬೂಟಿನ ಲೇಸನ್ನು ತಾನೇ ಬಿಗಿಯಾಗಿ ಕಟ್ಟಿದ.

ಓದುವ, ಕೇಳುವ ಅಕ್ಕಂದಿರೇ, ಅಣ್ಣಂದಿರೇ, ಅಗಲಿದ ಆಟಗಾರರನ್ನು ನೆನೆಯಿರಿ. ಗೋಡೆಗೆ ಚಿತ್ರ ಬರೆಯಿರಿ, ಜೆರ್ಸಿ ಎತ್ತಿಡಿ, ಹಾಡಿ, ಅಳಿ. ಜೊತೆಗೆ ಅವರ ಅಪ್ಪ ಅಮ್ಮ, ಒಡಹುಟ್ಟಿದವರ ಹೃದಯವನ್ನೂ ಪರೀಕ್ಷೆ ಮಾಡಿಸಿ. ಆಡುವಾಗ ಯಾರೂ ತಾಗದೆ ಬಿದ್ದವರ ಬಳಿಗೆ ಓಡಿಹೋಗಿ. ಅವರು ಲೇಸಿಗೆ ಎಡವಿ ಬಿದ್ದಿದ್ದರೆ ನಕ್ಕು ಬನ್ನಿ, ನಷ್ಟವೇನಿಲ್ಲ. ಎದೆ ಒತ್ತುವುದನ್ನು ಹತ್ತಿರದ ಆಸ್ಪತ್ರೆಯಲ್ಲಿ ಕೇಳಿ ಕಲಿಯಿರಿ.

ಮತ್ತೆ ಇವತ್ತೇ, ನಿಮ್ಮ ಮನೆಯ ಮಗು ಆಟ ಮುಗಿಸಿ ಬಂದಾಗ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: ಓಡುವಾಗ ಯಾವತ್ತಾದರೂ ಕಣ್ಣು ಕತ್ತಲೆ ಬಂದಿತ್ತಾ? ಎದೆ ನೋವು ಬಂದಿತ್ತಾ? "ಏನಿಲ್ಲ ಬಿಡಿ" ಎನ್ನುತ್ತದೆ ಮಗು. ತಕ್ಷಣ ಎದ್ದು ಹೋಗಬೇಡಿ. ಇನ್ನೂ ಸ್ವಲ್ಪ ಹೊತ್ತು ಕೂತಿರಿ.