ಕಿವಿ ದಾಟಿದ ಕೈ

"ನಲವತ್ತೆಂಟು," ಎಂದಳು ಭವ್ಯ. "ನಿಮ್ಮ ರಕ್ತ ಹೇಳೋ ವಯಸ್ಸು ನಲವತ್ತೆಂಟು ಐತಿ ಅಕ್ಕಾರ. ಆಧಾರ್‌ನಾಗ ನಲವತ್ತೆರಡು."

ಹಂಪಕ್ಕ ರಿಪೋರ್ಟಿನ ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದಳು. ಹೊಸಪೇಟೆ–ಕಂಪ್ಲಿ ಬಸ್ಸಿನಲ್ಲಿ ಹದಿನೆಂಟು ವರ್ಷದಿಂದ ಕಂಡಕ್ಟರಾಗಿರುವವಳು; ಎರಡೂ ಬದಿ ನೋಡದೆ ಯಾವ ನೋಟನ್ನೂ ಜೋಳಿಗೆಗೆ ಹಾಕಿದವಳಲ್ಲ. "ಮತ್ತ ಆರು ವರ್ಷ ಯಾರು ತಿಂದ್ರು?" ಎಂದು ಕೇಳಿದಳು. ಅವಳ ದನಿಯಲ್ಲಿ ಹೆದರಿಕೆಗಿಂತ ಕುತೂಹಲವೇ ಹೆಚ್ಚಿತ್ತು.

ಭವ್ಯ ಹೊಸಪೇಟೆಯವಳೇ. ಪಿಎಚ್‌ಡಿ ಸಂಶೋಧನೆಗೆಂದು ಹೊಟ್ಟೆಯ ತೊಂದರೆ ಇರುವ ಅರವತ್ತು ಜನರ ರಕ್ತ ತೆಗೆದಿದ್ದಳು. "ಮೈಯಾಗಿನ ಒಂದೊಂದು ಜೀವಕೋಶದಾಗೂ ದಾರದಂಥದ್ದು ಇರ್ತೈತ್ರಿ. ನೂಲು ಬಿಚ್ಚಬಾರ್ದಂತ ಸೆರಗಿಗೆ ಕುಚ್ಚು ಕಟ್ತೀವಲ್ಲ, ಹಂಗ ಅದರ ತುದಿಗೂ ಕುಚ್ಚು. ವಯಸ್ಸಾದಂಗ ಅವು ಸವೀತಾವು. ಐಬಿಎಸ್ ಅಂತ ಈ ಕರುಳಿನ ತ್ರಾಸ ಇದ್ದೋರಿಗೆ ಜಲ್ದಿ ಸವೀತಾವೇನು ಅಂತ ಹುಡುಕಾಕತ್ತೀವಿ."

"ಹೊಟ್ಟಿ ಕೆಟ್ಟು ಕುಚ್ಚು ಸವೀತಾವೋ, ಕುಚ್ಚು ಸವೆದು ಹೊಟ್ಟಿ ಕೆಡ್ತೈತೋ?"

ಭವ್ಯ ನಕ್ಕಳು. "ನಮ್ಮ ಗೈಡೂ ಅದನ್ನ ಕೇಳ್ತಾರ್ರಿ. ಗೊತ್ತಿಲ್ಲ."

ಹನ್ನೆರಡು ವರ್ಷದಿಂದ ಹಂಪಕ್ಕನ ಕರುಳು ಮಾತು ಕೇಳುತ್ತಿರಲಿಲ್ಲ. ಕಮಲಾಪುರ ದಾಟುವಷ್ಟರಲ್ಲಿ ಹೊಟ್ಟೆ ಹಿಂಡಿ ಬರುವುದು, ಇಳಿದು ಓಡುವುದು, ಮರುದಿನ ಮಲ ಕಟ್ಟಿ ಹೊಟ್ಟೆ ಕಲ್ಲಾಗುವುದು. ದಾರಿಯಲ್ಲಿ ಯಾವ ಶೌಚಾಲಯಕ್ಕೆ ಬೀಗ, ಯಾವ ರೈಸ್ ಮಿಲ್ಲಿನವರು ಒಳಗೆ ಬಿಡುತ್ತಾರೆ ಎಂಬುದು ಅವಳಿಗೆ ಸ್ಟಾಪುಗಳಿಗಿಂತ ಚೆನ್ನಾಗಿ ಗೊತ್ತು. ಸ್ಕ್ಯಾನು, ಎಂಡೋಸ್ಕೋಪಿ ಎಲ್ಲವೂ ನಾರ್ಮಲ್. ವೈದ್ಯರು ಐಬಿಎಸ್ ಎಂದು ಹೆಸರಿಟ್ಟು ಮಾತ್ರೆ ಬರೆದರು. ನಾರ್ಮಲ್ ಎಂದು ಬಂದಷ್ಟು ಸಲವೂ ಅವಳ ಗಂಡ ಪರಶುರಾಮ, ಸಂಡೂರಿನ ಗಣಿಯಲ್ಲಿ ಅದಿರಿನ ಲಾರಿ ತೂಗುವವನು, ಒಂದೇ ಮಾತು ಹೇಳುತ್ತಿದ್ದ: "ನೋಡಿದ್ಯಾ? ಎಲ್ಲಾ ನೆವ."

ಭವ್ಯಳ ರಿಪೋರ್ಟನ್ನು ಮಾತ್ರ ಅವನು ಎರಡು ಸಲ ಓದಿದ. ಆರು ವರ್ಷ ಎಂಬಲ್ಲಿ ಬೆರಳಿಟ್ಟು ಕೂತ. ಆಮೇಲೆ, ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ, "ಎಲ್ಲಿ ನೋಯ್ತೈತಿ?" ಎಂದು ಕೇಳಿದ. ಹಂಪಕ್ಕ ಆ ಹಾಳೆಯನ್ನು ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿಟ್ಟಳು.

ಆದರೆ ಕುತೂಹಲ ಸುಮ್ಮನಿರಬೇಕಲ್ಲ. ವಾರದ ರಜೆಯ ದಿನ ತವರೂರು ಮೆಟ್ರಿಗೆ ಹೋಗಿ, ತಮ್ಮನ ಮನೆಯ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ತಾಯಿ ಭರಮಮ್ಮನ ಪಕ್ಕ ಕೂತು ಕೇಳಿದಳು: "ಯವ್ವಾ, ನಾ ಯಾವಾಗ ಹುಟ್ಟಿದ್ದು?"

"ಯಾರಿಗೊತ್ತು? ಮೂಕಣ್ಣ ಹುಟ್ಟಿದಾಗ ನಿನ್ನ ಮುಂದಿನ ಹಲ್ಲು ಬಿದ್ದಿದ್ವು. ಅವನ್ನ ಬಗಲಾಗ ಹೊತ್ಕೊಂಡು ಊರೆಲ್ಲ ತಿರುಗ್ತಿದ್ದಿ."

ಕಂಡಕ್ಟರ್ ತಲೆ ಲೆಕ್ಕಕ್ಕೆ ಇಳಿಯಿತು. ತಮ್ಮ ಮೂಕಣ್ಣ ಕಂಪ್ಲಿಯ ಆಸ್ಪತ್ರೆಯಲ್ಲಿ ಹುಟ್ಟಿದವನು. ಅವನ ತಾರೀಖು ಪಕ್ಕಾ, ಈಗ ನಲವತ್ತು. ಕಾಗದದ ಪ್ರಕಾರ ಅವಳು ಅವನಿಗಿಂತ ಎರಡೇ ವರ್ಷ ದೊಡ್ಡವಳು. ಎರಡು ವರ್ಷದ ಕೂಸು ಇನ್ನೊಂದು ಕೂಸನ್ನು ಬಗಲಲ್ಲಿ ಹೊತ್ತು ತಿರುಗಿತೇ? ಅದೂ ಹಲ್ಲು ಉದುರಿಸಿಕೊಂಡು?

"ಮತ್ತ ಸಾಲಿಗೆ ಯಾವಾಗ ಹಾಕಿದ್ರಿ?"

"ಮೂಕಣ್ಣನ್ನ ಬಾಲವಾಡಿಗೆ ಬಿಟ್ಟ ವರ್ಷ. ಅಲ್ಲೀತನ ಅವನ್ನ ಆಡ್ಸಾಕ ನೀನ ಬೇಕಾಗಿದ್ದಿ. ತಲಿ ಮ್ಯಾಲಿಂದ ಕೈ ಹಾಕಿ ಆ ಕಡೆ ಕಿವಿ ಮುಟ್ಟು, ಆರು ತುಂಬ್ಯಾವೇನು ನೋಡೂನು ಅಂದ್ರು ಮೇಷ್ಟ್ರು." ಭರಮಮ್ಮ ನಕ್ಕಳು. "ಕಿವಿ ಎಲ್ಲಿ ಬಂತು, ನಿನ್ನ ಕೈ ಕಿವಿ ದಾಟಿ ಗದ್ದ ಹಿಡೀತು! ಮೇಷ್ಟ್ರು ನಕ್ಕೊಂತ, ಒಂದನೇ ಕ್ಲಾಸಿಗೆ ಆರು ವರ್ಷ ಅಂತನ ಬರೀಬೇಕವ್ವ ಅಂದು, ಜೂನ್ ಒಂದು ಅಂತ ಬರ್ಕೊಂಡ್ರು."

ಹಾಗಾದರೆ ಅವಳಿಗೆ ನಲವತ್ತಾರೋ ನಲವತ್ತೇಳೋ. ಆರು ವರ್ಷವನ್ನು ಕರುಳು ತಿಂದಿರಲಿಲ್ಲ. ಹೆಚ್ಚಿನದನ್ನು ಮೇಷ್ಟ್ರು ಬರವಣಿಗೆಯಲ್ಲೇ ನುಂಗಿದ್ದರು.

ಹೊಸಪೇಟೆಗೆ ಮರಳುವ ಬಸ್ಸಿನಲ್ಲಿ ಅವಳಿಗೆ ಅಳು ಬಂತು. ಹೇಳದಿದ್ದರೆ ಯಾರ ಗಂಟು ಹೋಗುತ್ತದೆ? ಅವ್ವನಿಗೂ ತನಗೂ ಬಿಟ್ಟು ಯಾರಿಗೆ ಗೊತ್ತು? ಟ್ರಂಕಿನಲ್ಲಿರುವ ಆ ಒಂದು ಹಾಳೆಯಿಂದಲೇ ಅಲ್ಲವೇ ಗಂಡ ಎಲ್ಲಿ ನೋಯುತ್ತದೆ ಎಂದು ಕೇಳಿದ್ದು? ಆದರೂ ಕಮಲಾಪುರದ ಟಿಕೆಟ್ ಹಿಡಿದು ಹೊಸಪೇಟೆವರೆಗೆ ಬರುವವರನ್ನು ಇಷ್ಟು ವರ್ಷ ನಡುದಾರಿಯಲ್ಲಿ ಇಳಿಸಿದವಳು ಅವಳು. ಈಗ ತಾನೇ ಅಂಥ ಟಿಕೆಟ್ ಹಿಡಿದು ಕೂತಂತಾಗಿತ್ತು.

ಮರುದಿನ ಭವ್ಯಳ ಎದುರು ಎಲ್ಲವನ್ನೂ ಒದರಿದಳು. ಭವ್ಯ ನಲವತ್ತೆಂಟರಿಂದ ಕಳೆದು ನೋಡಿದಳು.

"ಹಂಗಾದ್ರ ಅಂತರ ಒಂದೋ ಎರಡೋ ಅಕ್ಕಾರ. ಅದರಿಂದ ಕುಚ್ಚು ಜಲ್ದಿ ಸವೆದಾವು ಅಂತಾನೂ ಹೇಳಾಕ ಬರಂಗಿಲ್ಲ, ಇಲ್ಲ ಅಂತಾನೂ ಬರಂಗಿಲ್ಲ."

"ಉಳಿದೋರು ಯಾವಾಗ ಹುಟ್ಟ್ಯಾರ, ಅದನ್ನೊಂದೀಟು ನೋಡವ್ವ," ಎಂದಳು ಹಂಪಕ್ಕ.

ಭವ್ಯ ಲ್ಯಾಪ್‌ಟಾಪಿನಲ್ಲಿ ಪಟ್ಟಿ ತೆಗೆದಳು. ಜೂನ್ ಒಂದು. ಜೂನ್ ಒಂದು. ಜುಲೈ ಇಪ್ಪತ್ತೆರಡು. ಜೂನ್ ಒಂದು. ಅರವತ್ತರಲ್ಲಿ ಇಪ್ಪತ್ತೇಳು ಜನ ಒಂದೇ ದಿನ ಹುಟ್ಟಿದ್ದರು. "ಅಯ್ಯೋ," ಎಂದು ಹುಡುಗಿ ಹಣೆ ಹಿಡಿದುಕೊಂಡಳು. "ನಿಮ್ಮನ್ನ ಬಿಟ್ಟು ಇನ್ನ ಇಪ್ಪತ್ತಾರು ಮನಿ ತಿರುಗಬೇಕು ನಾನು."

ಅಂದು ಸಂಜೆ ಪರಶುರಾಮ ಎಂದಿನಂತೆ ಬಿಸಿ ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದಿದ್ದ. ಹಂಪಕ್ಕ ಹಾಳೆಯನ್ನು ತೆಗೆದು ಅವನ ಮುಂದಿಟ್ಟು, ಮೆಟ್ರಿಯಲ್ಲಿ ಕೇಳಿದ್ದನ್ನೂ ಭವ್ಯ ಹೇಳಿದ್ದನ್ನೂ ಹೇಳಿದಳು. ಅವನು ಬೆರಳು ಮಡಿಚಿ ಎಣಿಸಿದ.

"ಲೇ, ನನಗ ನಲವತ್ತೈದು. ಹಂಗಾದ್ರ ನೀ ನನಗಿಂತ ದೊಡ್ಡಾಕಿ!"

"ಹೂಂರಿ."

"ಮತ್ತ ಈ ಹಾಳಿ?"

"ಅದು ಈಗ ಏನೂ ಹೇಳಂಗಿಲ್ಲಂತ."

ಅವನ ಬಾಯಿಂದ 'ಎಲ್ಲಾ ನೆವ' ಎಂಬ ಆ ಹಳೆಯ ಮಾತು ಬರುತ್ತದೆಂದು ಹಂಪಕ್ಕ ಕಾದಳು. ಅದು ಬರುವ ಮೊದಲೇ ತಾನೇ ಬಾಯಿಬಿಟ್ಟಳು.

"ತೋರ್ಸಾಕ ನನ್ನ ಹತ್ರ ಇನ್ನ ಯಾವ ಕಾಗದಾನೂ ಇಲ್ರಿ. ನಿಮಗಿಂತ ದೊಡ್ಡಾಕಿ ಹೇಳಾಕತ್ತೀನಿ, ಕೇಳ್ರಿ. ನನ್ನ ಹೊಟ್ಟಿ ನೋಯ್ತೈತಿ."

ಪರಶುರಾಮ ಹಾಳೆಯನ್ನು ನೋಡಿದ, ಅವಳನ್ನು ನೋಡಿದ. ಬಜ್ಜಿಯ ಪೊಟ್ಟಣವನ್ನು ಅವಳ ಮುಂದಿನಿಂದ ತನ್ನ ಕಡೆ ಎಳೆದುಕೊಂಡ. ಸ್ವಲ್ಪ ಹೊತ್ತಿಗೆ ಎದ್ದು ಅಡುಗೆಮನೆಗೆ ಹೋದ. ಒಂದು ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು, ಹಾಕಿದ ಸದ್ದಾಯಿತು, ಇನ್ನೊಂದು ತೆಗೆದ ಸದ್ದಾಯಿತು.

"ಗಂಜಿಗೆ ಅಕ್ಕಿ," ಎಂದ ಒಳಗಿನಿಂದ. "ಎಲ್ಲಿ ಇಟ್ಟೀ?"