ನಾವು ಸುಮ್ಮನೆ ಕೂತಿದ್ದೆವೇ?

ನಮ್ಮ ಬೀದಿಯ ನಲ್ಲಿಗೆ ದಿನಾ ನೀರು ಬರುತ್ತಿತ್ತು. ಎಷ್ಟು ಹೊತ್ತಿಗೆ ಬರುತ್ತದೆ ಎಂದು ಮಾತ್ರ ಯಾರೂ ಹೇಳಲಾರರು. ಒಂದು ದಿನ ಬೆಳಿಗ್ಗೆ, ಒಂದು ದಿನ ಮಟಮಟ ಮಧ್ಯಾಹ್ನ, ಇನ್ನೊಂದು ದಿನ ಸಂಜೆ ಒಲೆ ಹಚ್ಚುವ ಹೊತ್ತಿಗೆ. ಬಂದರೂ ಸ್ವಲ್ಪ ಹೊತ್ತು, ಅಷ್ಟೇ. ಆಗ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಮಾರನೆಯ ದಿನದವರೆಗೆ ಕುಡಿಯಲೂ ನೀರಿಲ್ಲ. ಹಾಗಾಗಿ ಪ್ರತಿ ಮನೆಯ ಒಬ್ಬರು ಹಗಲೆಲ್ಲ ಹೊಸ್ತಿಲ ಮೇಲೆ ಕೂತು ನಲ್ಲಿಗೆ ಕಿವಿ ಕೊಟ್ಟಿರಬೇಕಿತ್ತು. ಆ ಒಬ್ಬರು ಗಂಡಸರಾಗಿದ್ದನ್ನು ನಾನಂತೂ ಕಂಡಿಲ್ಲ.

ನಾನು ಬಟ್ಟೆ ಹೊಲಿಯುವವಳು. ಮಿಷನ್ ಮನೆಯಲ್ಲೇ ಇರುವುದರಿಂದ ನನ್ನದು ಹೇಗೋ ನಡೆಯುತ್ತಿತ್ತು. ಪಕ್ಕದ ಮನೆಯವಳ ಗಂಡ ತಳ್ಳುಗಾಡಿಯಲ್ಲಿ ಇಸ್ತ್ರಿ ಮಾಡುತ್ತಾನೆ. ಅವಳು ಬಾಯಿ ತೆರೆದರೆ ಇಡೀ ಬೀದಿಗೆ ಕೇಳಿಸುತ್ತದೆ, ಅದಕ್ಕೇ ಎಲ್ಲರೂ ಗುಡುಗಕ್ಕ ಎನ್ನುತ್ತಾರೆ. ಅವಳಿಗೆ ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಸಿಕ್ಕಿತು. ಸುದ್ದಿ ಕೇಳಿ ನನಗೆ ಖುಷಿಯಾಯಿತು. ಅವಳ ಮುಂದಿನ ಮಾತು ಕೇಳಿ ಆ ಖುಷಿ ಇಳಿದುಹೋಯಿತು.

"ಸೋಮವಾರದಿಂದ ನಾನು ಕೆಲ್ಸಕ್ಕೆ. ಮಗಳ ಸ್ಕೂಲು ಇನ್ನು ಸಾಕು."

"ಒಂಬತ್ತನೇ ಕ್ಲಾಸು ಕಣೇ! ಚೆನ್ನಾಗಿ ಓದೋ ಹುಡುಗಿ."

"ಹಾಗಾದ್ರೆ ನೀರು ಯಾರು ಹಿಡೀಬೇಕು, ನಿಮ್ಮಪ್ಪ ಬರ್ತಾನಾ?"

ನಾನೇ ಹಿಡಿದುಕೊಡುತ್ತೇನೆ ಎನ್ನೋಣವೆಂದರೆ ಆರು ಮನೆಗೆ ಒಂದೇ ನಲ್ಲಿ, ಒಬ್ಬರಿಗೆ ಒಂದೇ ಸರದಿ. ನನ್ನ ಡ್ರಮ್ಮೇ ಅರ್ಧಕ್ಕೆ ನಿಲ್ಲುತ್ತಿತ್ತು. ಅವಳ ಮಗಳು ಒಳಗೆ ಪುಸ್ತಕಗಳನ್ನು ಚೀಲಕ್ಕೆ ತುಂಬಿ, ಮತ್ತೆ ತೆಗೆದು, ಮತ್ತೆ ತುಂಬುತ್ತಿದ್ದಳು. ಹುಡುಗಿ ಅಳುತ್ತಲೂ ಇರಲಿಲ್ಲ. ಅತ್ತಿದ್ದರೆ ವಾಸಿಯಿತ್ತು.

ಆ ವಾರವೇ ದತ್ತಿ ಪ್ರತಿಷ್ಠಾನದ ಹುಡುಗಿ ಬಂದಳು. ಜನ ಯಾಕೆ ಬಡವರಾಗಿಯೇ ಉಳಿಯುತ್ತಾರೆ, ಮಕ್ಕಳು ಯಾಕೆ ಶಾಲೆ ಬಿಡುತ್ತಾರೆ ಎಂದು ಕಾರಣ ಹುಡುಕುವುದು ಆ ಪ್ರತಿಷ್ಠಾನದ ಕೆಲಸ. ಅವಳು ಮೊದಲೇ ಒಂದು ಸಲ ಬಂದು, ಎಲ್ಲರ ಮನೆ ನೋಡಿ, ಬರೆದುಕೊಂಡು ಹೋಗಿದ್ದಳು.

ನಮ್ಮ ಬೀದಿಯ ಒಂದು ಅಭ್ಯಾಸವನ್ನು ಇಲ್ಲಿ ಹೇಳಲೇಬೇಕು. ಹಿಂದೆ ಯಾರೋ ಬಂದು, ಮನೆಯಲ್ಲಿ ಸಾಮಾನು ಇಲ್ಲದವರಿಗೆ ಮಾತ್ರ ಕಂಬಳಿ ಹಂಚಿ ಹೋಗಿದ್ದರು. ಅಂದಿನಿಂದ ಹೆಗಲಿಗೆ ಬ್ಯಾಗು ಹಾಕಿದವರು ತಿರುವಿನಲ್ಲಿ ಕಂಡರೆ ಸಾಕು, ಮಿಕ್ಸಿ ಮಂಚದ ಕೆಳಗೆ, ಫ್ಯಾನು ಅಟ್ಟಕ್ಕೆ, ನೀರಿನ ಡ್ರಮ್ಮುಗಳು ಇಸ್ತ್ರಿ ಗಾಡಿ ನಿಲ್ಲಿಸುವ ಶೆಡ್ಡಿನ ಹಿಂದಕ್ಕೆ. ಅಷ್ಟು ದೊಡ್ಡ ನೀಲಿ ಡ್ರಮ್ಮುಗಳನ್ನು ನೋಡಿದರೆ 'ಇವರಿಗೇನು ಕಡಿಮೆ' ಎಂದುಕೊಳ್ಳುತ್ತಾರೆ ಎಂಬ ಭಯ. ಹೋದ ಸಲವೂ ಬಚ್ಚಿಟ್ಟಿದ್ದೆವು, ಈ ಸಲವೂ ಬಚ್ಚಿಟ್ಟೆವು. ಎಲ್ಲ ಮುಗಿಸಿ ಹೊಸ್ತಿಲ ಮೇಲೆ ಕೂತು ಬಡ ಮುಖ ಮಾಡಿಕೊಂಡೆವು.

"ಈ ಸಲ ಏನು ಕೊಡ್ತೀರಮ್ಮಾ?" ಗುಡುಗಕ್ಕ ಕೇಳಿದಳು.

"ಏನೂ ಕೊಡಲ್ಲ ಅಕ್ಕಾ. ನಾವು ಕಾರಣ ಹುಡುಕೋರು."

"ಕಾರಣ ತಗೊಂಡು ಏನು, ಉಪ್ಪಿನಕಾಯಿ ಹಾಕೋದಾ?"

ಎಲ್ಲರೂ ನಕ್ಕರು. ಆ ಹುಡುಗಿಯೂ ನಕ್ಕಳು. "ಅಚ್ಚು ಹಾಕೋ ಮೊದಲು, ಯಾರ ಬಗ್ಗೆ ಬರೆದಿದ್ದೀವೋ ಅವರಿಗೇ ಓದಿ ಹೇಳ್ಬೇಕು. ಅದು ನಮ್ಮ ಸಂಸ್ಥೆ ನಿಯಮ. ಕೇಳಿ" ಎಂದು ಹಾಳೆ ತೆಗೆದು ಓದಿದಳು.

'ಈ ಬೀದಿಯ ಮಹಿಳೆಯರು ಹಗಲಿನ ಹೆಚ್ಚಿನ ಸಮಯವನ್ನು ಹೊಸ್ತಿಲಲ್ಲಿ ಕುಳಿತು ಮಾತಿನಲ್ಲಿ ಕಳೆಯುತ್ತಾರೆ. ದುಡಿಮೆಯಲ್ಲಿ ಆಸಕ್ತಿ ಕಡಿಮೆ. ನೀರಿನ ಸೌಲಭ್ಯವಿದೆ. ಹೆಣ್ಣುಮಕ್ಕಳ ಓದಿನ ಬಗ್ಗೆ ತಾಯಂದಿರಿಗೆ ಕಾಳಜಿಯಿಲ್ಲ.'

ನನ್ನ ಮೈ ಉರಿದುಹೋಯಿತು. ಕಾಳಜಿಯಿಲ್ಲವಂತೆ! ಮಗಳ ಯೂನಿಫಾರಂ ಗಿಡ್ಡವಾದಾಗಲೆಲ್ಲ ತನ್ನ ಸೀರೆ ಅಂಚನ್ನು ಕತ್ತರಿಸಿ ತಂದು, "ಉದ್ದ ಮಾಡಿಕೊಡೇ" ಎಂದವಳು ಈ ಗುಡುಗಕ್ಕ.

ಬಾಗಿಲ ಹಿಂದಿನಿಂದ ಮಗಳು ಕೇಳಿದಳು. "ನಮ್ಮಮ್ಮಂಗೆ ಕಾಳಜಿ ಇಲ್ಲ ಅಂತ ನಿಮಗೆ ಯಾರು ಹೇಳಿದ್ದು?"

ಉತ್ತರ ಬರುವ ಮೊದಲೇ ನಲ್ಲಿ ಗೊರಗೊರ ಅಂದಿತು. ಮುಗಿಯಿತು! ಒಬ್ಬರೂ ಕೂತಲ್ಲಿ ಉಳಿಯಲಿಲ್ಲ. ಬಡ ಮುಖವೂ ಮರೆತುಹೋಯಿತು, ಬಚ್ಚಿಟ್ಟದ್ದೂ ಮರೆತುಹೋಯಿತು. ಶೆಡ್ಡಿನ ಹಿಂದಿನಿಂದ ನೀಲಿ ಡ್ರಮ್ಮುಗಳು ದಡಬಡ ಉರುಳಿಕೊಂಡು ಬಂದವು. ಸರದಿಗೆ ಜಗಳ, ಬಿಂದಿಗೆಗೆ ಬಿಂದಿಗೆ ಡಿಕ್ಕಿ, ಕಾಲ ಕೆಳಗೆಲ್ಲ ಕೆಸರು. ಪ್ರತಿಷ್ಠಾನದ ಹುಡುಗಿ ಹಾಳೆ ಹಿಡಿದುಕೊಂಡು ಬೀದಿಯ ನಡುವೆ ಒಬ್ಬಳೇ ನಿಂತಿದ್ದಳು. ಕೊನೆಯ ಡ್ರಮ್ಮು ತುಂಬುವ ಮೊದಲೇ ನೀರು ನಿಂತಿತು.

"ಇಷ್ಟೊಂದು ಡ್ರಮ್ಮು ಎಲ್ಲಿಂದ ಬಂತು?" ಎಂದಳು ಹುಡುಗಿ.

ಗುಡುಗಕ್ಕ ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವಳ ಮುಂದೆ ನಿಂತಳು. "ನಾವು ಕೂತಿದ್ದು ನಿನ್ನ ಕಣ್ಣಿಗೆ ಬಿತ್ತಲ್ಲಮ್ಮಾ ತಾಯಿ, ಯಾಕೆ ಕೂತಿದ್ದೀವಿ ಅಂತ ಒಂದು ಮಾತು ಕೇಳಿದ್ಯಾ? ಇದು ಬರೋದನ್ನೇ ಕಾಯ್ಕೊಂಡು ಕೂತಿರ್ತೀವಿ! ಇದಕ್ಕೇ ನಾನು ಇಷ್ಟು ದಿನ ಕೆಲ್ಸಕ್ಕೆ ಹೋಗದೆ ಕೂತಿದ್ದು. ಇನ್ಮೇಲೆ ನನ್ನ ಮಗಳು ಸ್ಕೂಲು ಬಿಟ್ಟು ಕೂರ್ತಾಳೆ. ಅದನ್ನೂ ಸೋಮಾರಿತನ ಅಂತ ಬರ್ಕೋ!"

ಹುಡುಗಿಯ ಮುಖ ಸಣ್ಣದಾಯಿತು. "ಕೇಳಲಿಲ್ಲ ಅಕ್ಕಾ. ದೊಡ್ಡ ತಪ್ಪು. ಆದ್ರೆ ಡ್ರಮ್ಮು ಕಂಡಿದ್ರೆ ಕೇಳ್ತಿದ್ದೆ. ಯಾಕೆ ಬಚ್ಚಿಟ್ರಿ?"

ನಾವು ಕಂಬಳಿಯ ಕತೆ ಹೇಳಿದೆವು. ಒಂದು ಕಂಬಳಿಯ ಆಸೆಗೆ ನಮ್ಮ ಕಷ್ಟವನ್ನೇ ಶೆಡ್ಡಿನ ಹಿಂದೆ ಅಡಗಿಸಿಟ್ಟಿದ್ದೆವಲ್ಲ ಎಂದು ನನಗೆ ನನ್ನ ಮೇಲೇ ಸಿಟ್ಟು ಬಂತು.

"ಸರಿ, ಈಗ ನಿಜ ಬರೆದ್ರೆ ನೀರು ಹೊತ್ತಿಗೆ ಸರಿಯಾಗಿ ಬಂದುಬಿಡುತ್ತಾ?" ಗುಡುಗಕ್ಕನ ಅನುಮಾನ ಇನ್ನೂ ಹೋಗಿರಲಿಲ್ಲ.

"ಮಾತು ಕೊಡಕ್ಕಾಗಲ್ಲ ಅಕ್ಕಾ. ಆದ್ರೆ ಸೋಮಾರಿಗಳು ಅಂತ ಬರೆದ್ರೆ, ಬುದ್ಧಿ ಹೇಳೋಕೆ ಯಾರಾದ್ರೂ ಬರ್ತಾರೆ, ಭಾಷಣ ಮಾಡಿ ಹೋಗ್ತಾರೆ. ನಲ್ಲಿಗೆ ಹೊತ್ತುಗೊತ್ತಿಲ್ಲ ಅಂತ ಬರೆದ್ರೆ, ನೀರು ಬಿಡೋರನ್ನ ಹಿಡಿದು ಕೇಳಬಹುದು."

ಆ ಮಾತು ಗುಡುಗಕ್ಕನಿಗೆ ತಾಗಿತು. ಅಂದು ಸಂಜೆಯವರೆಗೆ ಹುಡುಗಿ ಮನೆ ಮನೆಗೆ ಹೋದಳು. ಯಾರೂ ಏನನ್ನೂ ಮುಚ್ಚಿಡಲಿಲ್ಲ. ಹಳೆಯದನ್ನು ಹೊಡೆದುಹಾಕಿ ಹೊಸದಾಗಿ ಬರೆದಳು. ಗುಡುಗಕ್ಕನ ಮಗಳೇ ಅದನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದಳು.

ಮಗಳು ಓದಿದ್ದನ್ನು ಕೇಳಿದ ಮೇಲೆ ಅವಳ ಶಾಲೆ ಬಿಡಿಸಲು ಮನಸ್ಸು ಬಾರದೆ, ಸೋಮವಾರ ಗುಡುಗಕ್ಕ ಕಾರ್ಖಾನೆಗೆ ಹೋಗಲಿಲ್ಲ. ಮಗಳನ್ನು ಶಾಲೆಗೆ ಕಳಿಸಿ ತಾನೇ ನಲ್ಲಿ ಕಾದಳು. ಆ ಕೆಲಸ ಬೇರೆ ಯಾರಿಗೋ ಹೋಯಿತು. ಕೈಗೆ ಬಂದ ತುತ್ತು ಒಂದು ನಲ್ಲಿಯ ದೆಸೆಯಿಂದ ಬಾಯಿಗೆ ಬರಲಿಲ್ಲ. ನೆನೆದರೆ ಈಗಲೂ ನನ್ನ ರಕ್ತ ಕುದಿಯುತ್ತದೆ.

ಪ್ರತಿಷ್ಠಾನದವರ ಜೊತೆ ನಾವೆಲ್ಲ ನೀರಿನ ಕಚೇರಿಗೆ ಹೋದೆವು. ಅಲ್ಲಿಯ ಅಧಿಕಾರಿ ಕುರ್ಚಿಯಲ್ಲಿ ಒರಗಿಕೊಂಡೇ ಹೇಳಿದರು. "ಹೊತ್ತು ಗೊತ್ತು ಮಾಡೋದು ಕಷ್ಟಮ್ಮಾ. ಹೇಗೂ ನೀವು ಮನೇಲೇ ಇರ್ತೀರಲ್ಲ, ಏನು ತೊಂದರೆ?"

"ನಾವು ಮನೇಲಿ ಇರೋದೇ ನಿಮ್ಮ ನಲ್ಲಿಗೋಸ್ಕರ ಸ್ವಾಮೀ!" ಎಂದು ಗುಡುಗಕ್ಕ ಗುಡುಗಿದಳು.

ಪಕ್ಕದ ಕೋಣೆಯ ಗುಮಾಸ್ತರೆಲ್ಲ ಎದ್ದು ಬಂದರು. ಅಧಿಕಾರಿ ನೆಟ್ಟಗೆ ಕೂತರು. ಪ್ರತಿಷ್ಠಾನದವರು ಬರೆದದ್ದನ್ನು ಮುಂದಿಟ್ಟರು. ಯಾವ ಮನೆಯಲ್ಲಿ ಯಾರು ಕೆಲಸ ಬಿಟ್ಟರು, ಯಾವ ಹುಡುಗಿ ಶಾಲೆ ಬಿಟ್ಟಳು, ಎಲ್ಲ ಅದರಲ್ಲಿತ್ತು. ಅಂದೇ ಏನೂ ಆಗಲಿಲ್ಲ. ಮತ್ತೆ ಹೋದೆವು, ಮತ್ತೆ ಕೇಳಿದೆವು. ಈಗ ನಸುಕಿನಲ್ಲೇ, ಗೊತ್ತಾದ ಹೊತ್ತಿಗೆ ನೀರು ಬರುತ್ತದೆ. ಹಿಡಿದಿಟ್ಟು ಎಲ್ಲರೂ ಅವರವರ ಕೆಲಸಕ್ಕೆ ಹೋಗುತ್ತಾರೆ. ಕಾರ್ಖಾನೆಯವರು ಮತ್ತೆ ಜನ ತೆಗೆದುಕೊಂಡಾಗ ಗುಡುಗಕ್ಕನಿಗೂ ಕರೆ ಬಂತು. ಅವಳ ಮಗಳು ಈಗ ಹತ್ತನೇ ಕ್ಲಾಸಿನಲ್ಲಿದ್ದಾಳೆ. ಹಗಲಿನಲ್ಲಿ ಆ ಮನೆಗೆ ಬೀಗ ಬಿದ್ದಿರುತ್ತದೆ. ಬೀಗ ನೋಡಿ ಇಷ್ಟು ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು!

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬಾಗಿಲಿಗೂ ಒಂದು ದಿನ ಹೀಗೆ ಬರೆದುಕೊಳ್ಳುವವರು ಬರುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ತೋರಿಸಿ, ಮನೆಯ ಹೆಂಗಸರೇ ಬಾಯಿ ಬಿಟ್ಟು ಹೇಳಿ. ಆಮೇಲೆ ಅವರನ್ನು ಹಾಗೇ ಕಳಿಸಬೇಡಿ. ನಮ್ಮ ಬಗ್ಗೆ ಏನು ಬರೆದಿರಿ, ಓದಿ ಎನ್ನಿ. ತಪ್ಪಿದ್ದರೆ ಅಲ್ಲೇ ತಿದ್ದಿಸಿ. ಓದಿ ಹೇಳಲು ಒಪ್ಪದವರಿಗೆ ನಿಮ್ಮ ಬಗ್ಗೆ ಒಂದಕ್ಷರ ಬರೆಯಲೂ ಬಿಡಬೇಡಿ.